ಯಾಕೋಬನ ಮನೆತನ: ಗುಂಪು ಅಧ್ಯಯನದ ಕೈಪಿಡಿ ಹೇಗಿದೆ?

ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ 25ರಿಂದ 50ರವರೆಗಿನ ಅಧ್ಯಾಯಗಳಿಗೆ ಬರೆದ ಕೈಪಿಡಿ ಇದು. 27ನೇ ಅಧ್ಯಾಯದ ಪಾಠ ಚೆನ್ನಾಗಿದೆ: ತಾಯಿ ರೆಬೆಕ್ಕಳ ಸಂಚು, ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದಕ್ಕಾಗಿ ಕಣ್ಣು ಕಾಣದ ತಂದೆಗೆ ಯಾಕೋಬ ಹೇಳಿದ ಸುಳ್ಳು, ಅಣ್ಣನಂತೆ ತೋರಲು ಕೈಗೂ ಕೊರಳಿಗೂ ಸುತ್ತಿದ ಮೇಕೆಮರಿಯ ಚರ್ಮ, ಯಾವುದಕ್ಕೂ ತೇಪೆ ಹಚ್ಚಿಲ್ಲ. ಮುಂದೆ ಅದೇ ಯಾಕೋಬನನ್ನು ಮಕ್ಕಳು ಮೇಕೆಯ ರಕ್ತದಲ್ಲಿ ಅದ್ದಿದ, ತಮ್ಮನಾದ ಯೋಸೇಫನ ಅಂಗಿ ತೋರಿಸಿ ಮೋಸ ಮಾಡುವುದನ್ನು (37:31) ಇದರ ಜೊತೆಗೇ ಓದಿಸಿದ್ದು ಜಾಣತನ.

ಯಾಕೋಬ ಕನಸಿನಲ್ಲಿ ದೇವರನ್ನು ಕಂಡ ಬೇತೇಲಿನ ಪಾಠ ಮಾತ್ರ ಸೊರಗಿದೆ. 28:15ರಲ್ಲಿ ದೇವರ ವಾಗ್ದಾನಕ್ಕೆ ಷರತ್ತೇ ಇಲ್ಲ. ಅನ್ನ ಬಟ್ಟೆ ಕೊಟ್ಟರೆ ಎಂದು ಷರತ್ತು ಹಾಕುವವನು 20ನೇ ವಚನದ ಯಾಕೋಬ. ಕೈಪಿಡಿ ಆ ವಾಗ್ದಾನವನ್ನು ವಿಧೇಯತೆಗೆ ಸಿಕ್ಕ ಬಹುಮಾನ ಎನ್ನುತ್ತದೆ! ಯಾಕೋಬನ ಮಗ ಯೆಹೂದ, ಅವನ ಸೊಸೆ ತಾಮಾರರ 38ನೇ ಅಧ್ಯಾಯವನ್ನಂತೂ ಹಾರಿಸಿಯೇ ಬಿಟ್ಟಿದ್ದಾರೆ (ಮುಜುಗರ ಇರಬೇಕು). ಅದಿಲ್ಲದೆ 37ರಲ್ಲಿ ಯೋಸೇಫನನ್ನು ಮಾರೋಣ ಎಂದು, 44ರಲ್ಲಿ ಕಿರಿಯ ತಮ್ಮ ಬೆನ್ಯಾಮೀನನ ಬದಲು ತಾನೇ ಗುಲಾಮನಾಗುತ್ತೇನೆ ಎನ್ನುವ ಯೆಹೂದ ಎಲ್ಲಿಂದ ಬಂದ ಎಂಬುದೇ ತಿಳಿಯುವುದಿಲ್ಲ. ಬಳಸುವವರು 37, 38, 44 ಮೂರನ್ನೂ ಒಂದೇ ಕೂಟದಲ್ಲಿ ಓದಿ.