ಹಲ್ಲುಸಂದಿಯ ಬ್ರಷ್: ಮೂರು ತಿಂಗಳ ಬಳಕೆಯ ನಂತರ

ಹಲ್ಲುಗಳ ಸಂದಿಯನ್ನು ಶುಚಿಗೊಳಿಸುವ ಇಂಟರ್‌ಡೆಂಟಲ್ ಬ್ರಷ್ಷನ್ನು ಮೂರು ತಿಂಗಳಿಂದ ಪ್ರತಿ ರಾತ್ರಿ ಬಳಸುತ್ತಿದ್ದೇನೆ. ಸಣ್ಣ ಹಿಡಿಕೆಯ ತುದಿಯಲ್ಲಿ ತೆಳ್ಳನೆಯ ತಂತಿ, ಅದರ ಸುತ್ತ ನವಿರಾದ ಎಳೆಗಳು, ಇಷ್ಟೇ ಇದರ ರಚನೆ. ವಸಡಿನಿಂದ ಆಗಾಗ ರಕ್ತ ಬರುತ್ತಿದ್ದುದರಿಂದ ದಂತವೈದ್ಯರು ಸ್ಕೇಲಿಂಗ್ ಮಾಡಿ, ಅಂದರೆ ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ ಗಾರೆಯನ್ನು ಕೆರೆದು ತೆಗೆದು, ಇದನ್ನು ಬಳಸಲು ಹೇಳಿದರು. ಅಂದು ಅವರು ಅಳೆದಾಗ ಬಲಗಡೆಯ ಎರಡು ದವಡೆ ಹಲ್ಲುಗಳ ನಡುವೆ ವಸಡು 5 ಮಿಲಿಮೀಟರ್ ಆಳದವರೆಗೆ ಹಲ್ಲಿನಿಂದ ಬಿಟ್ಟುಕೊಂಡಿತ್ತು. ಆರೋಗ್ಯವಂತ ವಸಡಿನಲ್ಲಿ ಈ ಆಳ ಸಾಮಾನ್ಯವಾಗಿ 3 ಮಿಲಿಮೀಟರನ್ನು ದಾಟುವುದಿಲ್ಲ.

ಮೊದಲ ರಾತ್ರಿ ಆ ಸಂದಿಯಿಂದ ಹೊರತೆಗೆದ ಬ್ರಷ್ಷಿನ ಎಳೆಗಳು ಕೆಂಪಾಗಿದ್ದವು. ಅವುಗಳಿಗೆ ಮೆತ್ತಿಕೊಂಡಿದ್ದ ತಿಳಿಹಳದಿ ಪಾಚಿಯನ್ನು ಮೂಗಿನ ಬಳಿ ಹಿಡಿದರೆ ಕೊಳೆತ ನಾತ. ದಿನಕ್ಕೆರಡು ಬಾರಿ ತಪ್ಪದೆ ಹಲ್ಲುಜ್ಜುತ್ತಿದ್ದ ನನಗೆ ಅದನ್ನು ನಂಬುವುದೇ ಕಷ್ಟವಾಯಿತು.

ಈ ಬ್ರಷ್ ಏಕೆ ಕೆಲಸ ಮಾಡುತ್ತದೆ ಎಂಬುದು ಆ ಪಾಚಿಯೊಳಗಿನ ಬ್ಯಾಕ್ಟೀರಿಯಾಗಳ ಒಡನಾಟವನ್ನು ತಿಳಿದಾಗ ಮಾತ್ರ ಅರ್ಥವಾಗುತ್ತದೆ. ಹಲ್ಲಿನ ಮೇಲಿನ ಜೊಲ್ಲಿನ ಪದರಕ್ಕೆ ಮೊದಲು ಅಂಟುವ ಸ್ಟ್ರೆಪ್ಟೋಕಾಕಸ್, ಆಕ್ಟಿನೋಮೈಸಿಸ್‌ನಂಥವು ತಮ್ಮಷ್ಟಕ್ಕೆ ಅಷ್ಟೇನೂ ಅಪಾಯಕಾರಿಯಲ್ಲ. ಅನಂತರ ಬರುವ, ಸೂಜಿಯಾಕಾರದ ಫ್ಯುಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಮೊದಲೇ ನೆಲೆಸಿದವುಗಳಿಗೂ ತಡವಾಗಿ ಬರುವವುಗಳಿಗೂ ಅಂಟಿಕೊಂಡು ನಡುವೆ ಕೊಂಡಿಯಾಗುತ್ತದೆ. ಸುತ್ತಲಿನವು ಆಮ್ಲಜನಕವನ್ನು ಬಳಸಿ ಮುಗಿಸಿದ ಮೇಲೆ, ಆಮ್ಲಜನಕವಿದ್ದಲ್ಲಿ ಬೆಳೆಯಲಾರದ ಪೋರ್ಫಿರೋಮೊನಾಸ್ ಜಿಂಜಿವ್ಯಾಲಿಸ್ ಅಲ್ಲಿ ನೆಲೆಯೂರುತ್ತದೆ. ಅದರ ಜಿಂಜಿಪೇನ್ ಎಂಬ ಕಿಣ್ವಗಳು ವಸಡಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ. ವಸಡು ಊದಿಕೊಂಡು ರಕ್ತ ಒಸರಿದಷ್ಟೂ ಅದಕ್ಕೆ ಬೇಕಾದ ಕಬ್ಬಿಣಾಂಶ ದೊರೆಯುತ್ತದೆ. ಇನ್ನೂ ವಿಚಿತ್ರವೆಂದರೆ, ಜಿಂಜಿವ್ಯಾಲಿಸ್ ಹೊರಬಿಡುವ ಐಸೋಬ್ಯುಟಿರಿಕ್ ಆಮ್ಲ ಟ್ರೆಪೊನೀಮಾ ಡೆಂಟಿಕೋಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಬೆಳವಣಿಗೆಗೆ ಒದಗುತ್ತದೆ, ಡೆಂಟಿಕೋಲಾ ಬಿಡುವ ಸಕ್ಸಿನಿಕ್ ಆಮ್ಲ ಜಿಂಜಿವ್ಯಾಲಿಸ್‌ಗೆ ಒದಗುತ್ತದೆ. ಈ ಎರಡನ್ನೂ ಟ್ಯಾನರೆಲ್ಲಾ ಫೋರ್ಸಿಥಿಯಾ ಎಂಬ ಮೂರನೆಯ ಬ್ಯಾಕ್ಟೀರಿಯಾವನ್ನೂ 1998ರಲ್ಲಿ ಸಂಶೋಧಕ ಸಾಕ್ರನ್ಸ್ಕಿ ಮತ್ತು ಸಂಗಡಿಗರು ವಸಡಿನ ರೋಗದೊಂದಿಗೆ ನಿಕಟ ನಂಟುಳ್ಳ 'ಕೆಂಪು ಗುಂಪು' ಎಂದು ವರ್ಗೀಕರಿಸಿದರು.

ನನ್ನ ಮನಸ್ಸಿನಲ್ಲಿ ಉಳಿದದ್ದು 2011ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗ. ಜಿಂಜಿವ್ಯಾಲಿಸ್ ತೀರಾ ಕಡಿಮೆ ಸಂಖ್ಯೆಯಲ್ಲಿದ್ದರೂ ಬಾಯಿಯ ಇತರ ಬ್ಯಾಕ್ಟೀರಿಯಾಗಳ ಸಮತೋಲನವನ್ನೇ ಕೆಡಿಸಿ ಹಲ್ಲಿನ ಸುತ್ತಲಿನ ಮೂಳೆ ಸವೆಯುವಂತೆ ಮಾಡಿತು. ಆದರೆ ಬೇರೆ ಯಾವ ಸೂಕ್ಷ್ಮಜೀವಿಯೂ ಇಲ್ಲದ ಇಲಿಗಳಲ್ಲಿ ಅದು ಮೂಳೆಯನ್ನು ಸವೆಸಲಿಲ್ಲ. ಅಂದರೆ ಹೆದರಬೇಕಾದದ್ದು ಒಂಟಿ ಬ್ಯಾಕ್ಟೀರಿಯಾಕ್ಕಲ್ಲ, ಕದಲದೆ ಕೂಡಿಕೊಂಡಿರುವ ಗುಂಪಿಗೆ. ಎಳೆಗಳು ಪ್ರತಿ ರಾತ್ರಿ ಆ ಗುಂಪನ್ನು ಉಜ್ಜಿ ಚದುರಿಸುತ್ತವೆ.

ಮೊದಲು ನಾನು ನೆಚ್ಚಿಕೊಂಡಿದ್ದ ಕ್ಲೋರ್‌ಹೆಕ್ಸಿಡಿನ್ ದ್ರಾವಣಕ್ಕೆ ಇದು ಸಾಧ್ಯವಾಗಲಿಲ್ಲ. ಬಾಯಿ ಮುಕ್ಕಳಿಸಿದಾಗ ಅದು ವಸಡಿನ ಕೆಳಗಿನ ಪೊಟರೆಗೆ ಅಷ್ಟಾಗಿ ಇಳಿಯುವುದಿಲ್ಲ, ದಪ್ಪಗೆ ಕಟ್ಟಿದ ಪಾಚಿಯ ಒಳಗೂ ಸುಲಭವಾಗಿ ನುಸುಳುವುದಿಲ್ಲ. ನನ್ನ ಹಲ್ಲುಗಳ ಮೇಲೆ ಕಂದು ಕಲೆ ಬಿತ್ತು, ನಾಲಿಗೆಯ ರುಚಿಯೂ ಕೆಟ್ಟಿತು. ಶಸ್ತ್ರಚಿಕಿತ್ಸೆಯ ನಂತರ ಹಲ್ಲುಜ್ಜಲಾಗದ ದಿನಗಳಲ್ಲಿ ಅದು ಉಪಯುಕ್ತವೇ, ಆದರೆ ಬ್ರಷ್ಷಿಗೆ ಬದಲಿಯಲ್ಲ.

ಇನ್ನು ಕೊರತೆಗಳು. ಒಂದೇ ಅಳತೆಯ ಪೊಟ್ಟಣವನ್ನು ಕೊಳ್ಳಬೇಡಿ. ದವಡೆ ಹಲ್ಲಿಗೆ ಸರಿಹೊಂದಿದ್ದು ಬಾಯಿಯ ಮುಂಭಾಗದ ಹಲ್ಲುಗಳ ನಡುವೆ ತೂರಲೇ ಇಲ್ಲ. ಬಲವಂತ ಮಾಡಿದಾಗ ತಂತಿ ಬಾಗಿ ವಸಡಿಗೆ ಚುಚ್ಚಿತು. ತೂರದ ಕಡೆ ಫ್ಲಾಸ್ ದಾರವೇ ಸರಿ. ತಂತಿಗೆ ಪ್ಲಾಸ್ಟಿಕ್ ಲೇಪನವಿರುವುದನ್ನೇ ಆರಿಸಿಕೊಳ್ಳಿ. ಗಟ್ಟಿಯಾಗಿ ಕಟ್ಟಿದ ಗಾರೆಯನ್ನು ಇದು ತೆಗೆಯಲಾರದು, ಆಳವಾದ ಪೊಟರೆಯ ತಳವನ್ನೂ ಮುಟ್ಟಲಾರದು. ಅದಕ್ಕೆ ವೈದ್ಯರ ಕೈಯೇ ಬೇಕು.

ಎರಡನೆಯ ವಾರದ ಹೊತ್ತಿಗೆ ರಕ್ತ ಬರುವುದು ಕಡಿಮೆಯಾಯಿತು. ನಡುವೆ ಪ್ರಯಾಣದಲ್ಲಿ ನಾಲ್ಕು ದಿನ ಬಿಟ್ಟಾಗ, ಐದನೆಯ ರಾತ್ರಿ ಎಳೆಗಳು ಮತ್ತೆ ಕೆಂಪಾದವು. ಕಳೆದ ವಾರ ವೈದ್ಯರು ಅಳೆದಾಗ ಅದೇ ಜಾಗದ ಆಳ 4 ಮಿಲಿಮೀಟರ್ ಇತ್ತು. ಇದರಲ್ಲಿ ಸ್ಕೇಲಿಂಗಿನ ಪಾಲೂ ಇದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ವಾರ ತುಂಬುವ ಮೊದಲೇ ಹಿಡಿಕೆಯ ಬುಡದಲ್ಲಿ ತಂತಿ ಮುರಿಯುವುದಕ್ಕಾಗಿ ಒಂದು ಅಂಕವನ್ನು ಕಳೆದಿದ್ದೇನೆ.