ಶಾಲೆಯ ದಾರಿಗೊಂದು ಜಿಪಿಎಸ್ ಕೈಗಡಿಯಾರ: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು

ಮೈಸೂರಿನಲ್ಲಿ ನಾಲ್ಕನೆಯ ತರಗತಿ ಓದುತ್ತಿರುವ ನನ್ನ ಮಗಳು ಸುಮಾರು ಒಂದು ಕಿಲೋಮೀಟರ್ ದೂರದ ಶಾಲೆಗೆ ಗೆಳತಿಯೊಬ್ಬಳ ಜೊತೆ ನಡೆದೇ ಹೋಗುತ್ತಾಳೆ. ದಾರಿಯಲ್ಲಿ ಅಪರಿಚಿತರು ಯಾರಾದರೂ ಮಾತನಾಡಿಸಿದರೆ, ಹಿಂಬಾಲಿಸಿದರೆ ಅವಳು ನಮಗೆ ತಕ್ಷಣ ತಿಳಿಸಲು ಸಾಧ್ಯವಾಗಲಿ ಎಂದು ಈ ಶಾಲಾ ವರ್ಷದ ಆರಂಭದಲ್ಲಿ ಸಿಮ್ ಹಾಕಿ ಬಳಸುವ 4ಜಿ ಜಿಪಿಎಸ್ ಕೈಗಡಿಯಾರವೊಂದನ್ನು ಕೊಂಡೆವು. ಬೆಲೆ ಐದು ಸಾವಿರ ರೂಪಾಯಿಯ ಆಸುಪಾಸು. ಇಂಥ ಗಡಿಯಾರಗಳು ಹಲವು ಹೆಸರುಗಳಲ್ಲಿ ಮಾರಾಟವಾದರೂ ಮೂಲ ಸೌಲಭ್ಯಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಕಂಪನಿಯ ಹೆಸರನ್ನು ಬಿಟ್ಟು ಆ ಸೌಲಭ್ಯಗಳನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ಜಾಹೀರಾತುಗಳಲ್ಲಿ ಎದ್ದು ಕಾಣುವುದು ನಕ್ಷೆಯ ಮೇಲೆ ಚಲಿಸುವ ಚುಕ್ಕಿ. ಬಳಸಿದ ಮೇಲೆ ನನಗೆ ನಿಜವಾಗಿ ಉಪಯುಕ್ತವೆನಿಸಿದ್ದು ಕರೆಯ ಸೌಲಭ್ಯ. ಪೋಷಕರು ತಮ್ಮ ಮೊಬೈಲಿನ ಆ್ಯಪ್‌ನಲ್ಲಿ ಸೇರಿಸಿದ ಸಂಖ್ಯೆಗಳ ಕರೆಗಳು ಮಾತ್ರ ಗಡಿಯಾರಕ್ಕೆ ಬರುತ್ತವೆ, ಮಗುವೂ ಅವುಗಳಿಗೆ ಮಾತ್ರ ಕರೆ ಮಾಡಬಹುದು. ಚಿಕ್ಕ ಮಗುವಿಗೆ ಮೊಬೈಲ್ ಕೊಟ್ಟರೆ ಗೊತ್ತಿಲ್ಲದವರು ಅದರ ಮೂಲಕವೇ ಸಂಪರ್ಕ ಬೆಳೆಸಬಹುದೆಂಬ ಆತಂಕ ಇಲ್ಲಿ ಬಹಳ ಕಡಿಮೆಯಾಗುತ್ತದೆ. ಪಕ್ಕದ ತುರ್ತು ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ನಾವು ನಿಗದಿಪಡಿಸಿದ ಕ್ರಮದಲ್ಲಿ ಒಂದಾದ ಮೇಲೊಂದು ಸಂಖ್ಯೆಗೆ ಕರೆ ಹೋಗುತ್ತದೆ. ಈ ಕ್ರಮವನ್ನು ಯೋಚಿಸಿಯೇ ಇಡಬೇಕು. ಕಚೇರಿಯ ಸಭೆಯಲ್ಲಿ ಕುಳಿತಿರುವ ತಂದೆ ತಾಯಿಗಿಂತ ಮನೆಯಲ್ಲಿರುವ ಅಜ್ಜಿ ಬೇಗ ಕರೆ ಎತ್ತುತ್ತಾರೆ. ಮಗುವಿನ ಬಳಿಗೆ ಎಲ್ಲರಿಗಿಂತ ಮೊದಲು ತಲುಪಬಲ್ಲವರು ಅದೇ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿರುವ ಪರಿಚಿತರು. ಹೀಗಾಗಿ ಔಷಧಿ ಅಂಗಡಿಯವರ ಒಪ್ಪಿಗೆ ಪಡೆದು ಅವರ ಸಂಖ್ಯೆಯನ್ನು ಮೊದಲು, ಅಜ್ಜಿಯದನ್ನು ಎರಡನೆಯದಾಗಿ ಇಟ್ಟಿದ್ದೇವೆ.

ನಕ್ಷೆಯನ್ನು ಮಾತ್ರ ಅತಿಯಾಗಿ ನಂಬಬಾರದು. ತೆರೆದ ಬಯಲಿನಲ್ಲಿ ಮಗು ಯಾವ ಬೀದಿಯಲ್ಲಿದೆ ಎಂಬುದು ಸರಿಯಾಗಿಯೇ ತಿಳಿಯುತ್ತದೆ. ಕಟ್ಟಡದೊಳಗೆ ಉಪಗ್ರಹದ ಸಂಕೇತ ಸಿಗದಿದ್ದಾಗ ಗಡಿಯಾರವು ವೈಫೈ ಅಥವಾ ಮೊಬೈಲ್ ಗೋಪುರದ ಆಧಾರದ ಮೇಲೆ ಸ್ಥಳವನ್ನು ಅಂದಾಜು ಮಾಡುವುದರಿಂದ ನೂರಾರು ಮೀಟರ್ ವ್ಯತ್ಯಾಸವಾಗಬಹುದು. ಮಗಳು ತರಗತಿಯಲ್ಲೇ ಕುಳಿತಿರುವಾಗ ‘ಸುರಕ್ಷಿತ ವಲಯದಿಂದ ಹೊರಹೋಗಿದ್ದಾಳೆ’ ಎಂಬ ಸಂದೇಶ ಬಂದು ಗಾಬರಿಪಡಿಸಿದ್ದುಂಟು, ಮತ್ತು ಈ ಬಗ್ಗೆ ಕಂಪನಿಯ ಗ್ರಾಹಕ ಸೇವೆಗೆ ಬರೆದರೆ ಸಮರ್ಪಕ ಉತ್ತರ ಬರಲಿಲ್ಲ. ಸ್ಥಳದ ಮಾಹಿತಿಯನ್ನು ಪದೇ ಪದೇ ಕಳುಹಿಸುವಂತೆ ಹೊಂದಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ಹೋಗಿ ಬರುವ ವೇಳೆಯಲ್ಲಷ್ಟೇ ಹಾಗೆ ಇಡುವುದು ಲೇಸು.

ನನ್ನ ಗಂಭೀರ ಆಕ್ಷೇಪವಿರುವುದು ಬೇರೊಂದು ಸೌಲಭ್ಯದ ಬಗ್ಗೆ. ಮಗುವಿಗೆ ತಿಳಿಯದಂತೆ ಸುತ್ತಲಿನ ಮಾತುಗಳನ್ನು ಪೋಷಕರು ಆಲಿಸುವ ವ್ಯವಸ್ಥೆ ಕೆಲವು ಗಡಿಯಾರಗಳಲ್ಲಿರುತ್ತದೆ. ಅದು ಶಿಕ್ಷಕರ ಮತ್ತು ಇತರ ಮಕ್ಕಳ ಖಾಸಗಿತನವನ್ನೂ ಭಂಗಪಡಿಸುತ್ತದೆ. ಇದೇ ಕಾರಣಕ್ಕೆ ಜರ್ಮನಿಯು ಇಂಥ ಗಡಿಯಾರಗಳ ಮಾರಾಟವನ್ನು 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಅದಕ್ಕೆ ಒಂದು ತಿಂಗಳ ಹಿಂದೆ ನಾರ್ವೆಯ ಗ್ರಾಹಕ ಪರಿಷತ್ತು ಮಕ್ಕಳ ಗಡಿಯಾರಗಳನ್ನು ಪರೀಕ್ಷಿಸಿ, ಕೆಲವನ್ನು ಹೊರಗಿನವರು ದೂರದಿಂದಲೇ ತಮ್ಮ ಹಿಡಿತಕ್ಕೆ ತೆಗೆದುಕೊಂಡು ಮಗು ಎಲ್ಲಿದೆ ಎಂದು ತಿಳಿಯಬಹುದೆಂದು ತೋರಿಸಿತ್ತು. ಅಪರಿಚಿತರಿಂದ ಮಗುವನ್ನು ಕಾಯಲೆಂದು ಕೊಂಡ ವಸ್ತುವೇ ಅವರಿಗೆ ಮಗುವಿನ ದಾರಿಯನ್ನು ತೋರಿಸುವಂತಾಗಬಾರದು. ಆ್ಯಪ್‌ನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಗಡಿಯಾರಕ್ಕೆ ಭದ್ರತಾ ಅಪ್‌ಡೇಟ್ ನೀಡುವ, ದತ್ತಾಂಶವನ್ನು ಎಲ್ಲಿ ಇಡುತ್ತೇವೆಂದು ಸ್ಪಷ್ಟವಾಗಿ ಹೇಳುವ ಕಂಪನಿಯನ್ನೇ ಆರಿಸಿ.

‘ನಿಮ್ಮಮ್ಮ ಕಳಿಸಿದ್ದಾರೆ, ಬಾ, ಗಾಡಿ ಹತ್ತು’ ಎಂದು ಯಾರಾದರೂ ಕರೆದರೆ ಏನು ಮಾಡಬೇಕೆಂಬುದನ್ನು ಗಡಿಯಾರ ಕಲಿಸುವುದಿಲ್ಲ. ಹಾಗೆ ಕರೆದವರಿಂದ ದೂರ ಸರಿದು, ಜನರಿರುವ ಅಂಗಡಿಯೊಳಗೆ ಹೋಗಿ, ಅಲ್ಲಿಂದ ನಮಗೆ ಕರೆ ಮಾಡಬೇಕೆಂದು ಮಗಳಿಂದ ಅಭ್ಯಾಸ ಮಾಡಿಸಿದ್ದೇವೆ. ಕರೆದವರು ಪರಿಚಿತರಾದರೂ ಈ ನಿಯಮ ಬದಲಾಗುವುದಿಲ್ಲ, ಏಕೆಂದರೆ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ಹೆಚ್ಚಿನ ಆರೋಪಿಗಳು ಮಗುವಿಗೆ ಗೊತ್ತಿರುವವರೇ ಆಗಿರುತ್ತಾರೆ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದೂ 2012ರ ಆ ಕಾಯ್ದೆಯ 11ನೆಯ ಸೆಕ್ಷನ್ನಿನಡಿ ಅಪರಾಧವಾಗಿರುವುದರಿಂದ, ಅಂಥ ಅನುಮಾನ ಬಂದಾಗ ‘ಏನೂ ಆಗಿಲ್ಲವಲ್ಲ’ ಎಂದು ಸುಮ್ಮನಿರದೆ ಮಕ್ಕಳ ಸಹಾಯವಾಣಿ 1098ಕ್ಕೆ, ತುರ್ತಾದರೆ 112ಕ್ಕೆ ಕರೆ ಮಾಡಬೇಕು.

ಶಾಲಾ ಬಸ್ಸಿನಲ್ಲಿ ಹೋಗುವ ಮಗುವಿಗೆ ಈ ಖರ್ಚು ಬೇಕೇ ಬೇಕೆಂದು ನನಗೆ ಅನಿಸುವುದಿಲ್ಲ; ಆ ಪೋಷಕರು ಬಸ್ಸಿನಲ್ಲಿ ಸಹಾಯಕರಿದ್ದಾರೆಯೇ, ಮಗುವನ್ನು ಮನೆಯವರ ಕೈಗೇ ಒಪ್ಪಿಸುತ್ತಾರೆಯೇ ಎಂದು ವಿಚಾರಿಸುವುದು ಹೆಚ್ಚು ಫಲಕಾರಿ. ನಡೆದು ಹೋಗುವ, ಗುಂಡಿಯನ್ನು ಯಾವಾಗ ಒತ್ತಬೇಕೆಂದು ಅರ್ಥಮಾಡಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಇದನ್ನು ಧಾರಾಳವಾಗಿ ಕೊಡಿಸಬಹುದು. ಅಗ್ಗವೆಂದು 2ಜಿ ಮಾದರಿಯನ್ನು ಕೊಳ್ಳಬೇಡಿ, ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಗಡಿಯಾರವನ್ನು ಶಾಲೆಗೆ ಕಟ್ಟಿಕೊಂಡು ಬರಲು ಅನುಮತಿಯಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳಿ.