ಶಸ್ತ್ರಚಿಕಿತ್ಸೆಗೆ ಐದು ನಕ್ಷತ್ರ, ಡಿಸ್ಚಾರ್ಜ್ ನಂತರದ ಸೇವೆಗೆ ಎರಡು

ಅಮೆರಿಕದ ಆಸ್ಪತ್ರೆಯೊಂದರ ತೂಕ ಇಳಿಸುವ ಶಸ್ತ್ರಚಿಕಿತ್ಸಾ ವಿಭಾಗದ ಕುರಿತ ಅಭಿಪ್ರಾಯವಿದು, ಹೆಸರು ಬೇಡ. ರೋಗಿ ನನ್ನ ಸಹೋದ್ಯೋಗಿ, ಕಪ್ಪು ಸಮುದಾಯದ ಮಹಿಳೆ. ಒಂಟಿಯಾಗಿರುವ ಅವರ ಜೊತೆಗೆ ಮೊದಲ ವಾರ ನಾನಿದ್ದೆ.

ಜಠರದ ಸುಮಾರು 80% ಭಾಗವನ್ನು ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯಂತೆ ಮಾಡುವ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಅವರಿಗಾಯಿತು. ವೈದ್ಯರು ಚಿತ್ರ ಬರೆದು ವಿವರಿಸಿದರು, ಗಾಯಗಳು ಚೊಕ್ಕಟವಾಗಿ ಮಾಗಿದವು, ಮರುದಿನ ಸಂಜೆಗೇ ಮನೆ ಸೇರಿದೆವು. ಈ ಭಾಗದಲ್ಲಿ ದೂರುವಂಥದ್ದೇನೂ ಇಲ್ಲ.

ತೊಂದರೆ ಶುರುವಾದದ್ದು ನೀರಿನಿಂದ. ದಿನಕ್ಕೆ ಒಂದೂವರೆ ಲೀಟರ್ ದ್ರವ ಕುಡಿಯಬೇಕೆಂದು ಹೇಳಿ, 30 ಮಿಲಿಲೀಟರಿನ ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳನ್ನು ಕೊಟ್ಟಿದ್ದರು. ಕುಡಿದ ಪ್ರತಿ ಬಟ್ಟಲಿಗೂ ನಾನು ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಿದ್ದೆ; ನಾಲ್ಕನೆಯ ದಿನ ರಾತ್ರಿ ಎಣಿಸಿದರೆ ಹನ್ನೊಂದೇ ಗೆರೆ, ಅದರಲ್ಲೂ ಅರ್ಧ ವಾಂತಿಯಾಗಿತ್ತು. ಆಸ್ಪತ್ರೆಯ ಸಹಾಯವಾಣಿಗೆ ಎರಡು ಸಲ ಕರೆ ಮಾಡಿದಾಗಲೂ "ಇದು ಸಹಜ, ಗುಟುಕು ಗುಟುಕಾಗಿ ಕುಡಿಯಿರಿ" ಎಂಬ ಉತ್ತರ ಬಂತೇ ಹೊರತು, ಎಷ್ಟು ಕುಡಿದಿರಿ, ಮೂತ್ರದ ಬಣ್ಣ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಆರನೆಯ ದಿನ ಬೆಳಿಗ್ಗೆ ಎದ್ದು ನಿಂತವರೇ ತಲೆ ಸುತ್ತಿ ಬಿದ್ದರು. ಮತ್ತೆ ದಾಖಲು, ಎರಡು ರಾತ್ರಿ ಡ್ರಿಪ್.

ಎರಡು ವಾರಗಳ ನಂತರದ ತಪಾಸಣೆಯಲ್ಲಿ, ಅದೇ ವಾರ ಅದೇ ವೈದ್ಯರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಬಿಳಿಯ ಮಹಿಳೆಯೊಬ್ಬರು ಸಿಕ್ಕರು. ಅವರಿಗೂ ಇದೇ ತೊಂದರೆ ಆಗಿತ್ತು, ಆದರೆ ಕರೆ ಮಾಡಿದ ದಿನವೇ ಹೊರರೋಗಿ ವಿಭಾಗಕ್ಕೆ ಕರೆಸಿಕೊಂಡು, ಡ್ರಿಪ್ ಹಾಕಿ, ಸಂಜೆಗೆ ಮನೆಗೆ ಕಳಿಸಿದ್ದರಂತೆ. ಅಂಥ ವ್ಯವಸ್ಥೆ ಇದೆಯೆಂಬುದೇ ನಮಗೆ ಆಗ ತಿಳಿದದ್ದು.

ಇಬ್ಬರ ಅನುಭವದಿಂದ ಏನನ್ನೂ ಸಾಬೀತುಪಡಿಸಲಾಗದು, ಒಪ್ಪುತ್ತೇನೆ. ಆದರೆ ಈ ಶಸ್ತ್ರಚಿಕಿತ್ಸೆಗಳ ಗುಣಮಟ್ಟವನ್ನು ದಾಖಲಿಸುವ ಎಂಬಿಎಸ್‌ಎಕ್ಯುಐಪಿ ಎಂಬ ರಾಷ್ಟ್ರೀಯ ಮಾಹಿತಿಕೋಶವನ್ನು ಆಧರಿಸಿದ ಅಧ್ಯಯನಗಳಲ್ಲಿಯೂ, ಮಧುಮೇಹ, ರಕ್ತದೊತ್ತಡದಂತಹ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, 30 ದಿನಗಳೊಳಗೆ ಮತ್ತೆ ದಾಖಲಾಗುವ ಪ್ರಮಾಣ ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಹೆಚ್ಚೆಂದು ಕಂಡಿದೆ. ಹೀಗೆ ಮರಳಿ ಬರುವವರಲ್ಲಿ ಅನೇಕರದು ಹೊಲಿಗೆ ಸೋರುವಂತಹ ದೊಡ್ಡ ಅವಘಡವಲ್ಲ. ವಾಕರಿಕೆ, ವಾಂತಿ, ನಿರ್ಜಲೀಕರಣ. ಅಂದರೆ ಫೋನ್ ಎತ್ತಿಕೊಂಡವರು ಸರಿಯಾಗಿ ಕೇಳಿಸಿಕೊಂಡಿದ್ದರೆ ತಪ್ಪಿಸಬಹುದಾಗಿದ್ದಂಥವು.

ತಿಂಗಳ ಕೊನೆಗೆ ಆಸ್ಪತ್ರೆಯಿಂದ ತೃಪ್ತಿ ಸಮೀಕ್ಷೆಯೊಂದು ಬಂತು. ಕೋಣೆಯ ಸ್ವಚ್ಛತೆ, ಸಿಬ್ಬಂದಿಯ ಸೌಜನ್ಯ, ವಾಹನ ನಿಲುಗಡೆ ಎಲ್ಲದಕ್ಕೂ ಪ್ರಶ್ನೆಗಳಿದ್ದವು. ಸಹಾಯವಾಣಿಯ ಬಗ್ಗೆ ಒಂದೂ ಇರಲಿಲ್ಲ.